ಗುರಿ ಬರೆದಿಟ್ಟು ಪಾಠ ಮಾಡಬೇಕೇ? ಪರ-ವಿರೋಧ

ಜೂನ್ ತಿಂಗಳಲ್ಲಿ ಬೆಂಗಳೂರಿನ ಯಾವುದೇ ಶಾಲೆಯ ಸ್ಟಾಫ್ ರೂಮಿಗೆ ಹೋಗಿ ನೋಡಿ. ಮೇಷ್ಟ್ರು, ಮೇಡಂಗಳು ತಲೆ ಬಗ್ಗಿಸಿ ಸ್ಕೇಲು ಹಿಡಿದು ಗೆರೆ ಎಳೆಯುತ್ತಿರುತ್ತಾರೆ. ವರ್ಷದ ಪಾಠ ಹಂಚಿಕೆ, ಘಟಕ ಯೋಜನೆ, ಪಾಠ ಯೋಜನೆ. ಅದರಲ್ಲಿ ‘ಕಲಿಕಾ ಫಲ’ ಅಂತ ಒಂದು ಕಲಂ. ಪಾಠ ಮುಗಿದಾಗ ಮಗುವಿಗೆ ಏನು ಬರಬೇಕು ಅನ್ನೋದನ್ನು ಪಾಠಕ್ಕೆ ಮೊದಲೇ ಅಲ್ಲಿ ಬರೆಯಬೇಕು. ಹೀಗೆ ಗುರಿಯನ್ನು ಮೊದಲು ಇಟ್ಟುಕೊಂಡು ಪಾಠ ಕಟ್ಟುವುದು ಸರಿಯೇ? ಪರ ಬರೆದವರು ಕಾರ್ಖಾನೆಗಳ ಬಡಾವಣೆ ಪೀಣ್ಯದ ಕಡೆಯ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯೊಂದರ ಗಣಿತ ಶಿಕ್ಷಕಿ. ವಿರೋಧ ಬರೆದವರು ಬಸವನಗುಡಿ ಕಡೆಯ ಅನುದಾನಿತ ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಹೇಳುವವರು, ನಿವೃತ್ತಿಗೆ ಇನ್ನೆರಡು ವರ್ಷ. ಆಕೆ ಹೈಸ್ಕೂಲಿನಲ್ಲಿ ಇವರದೇ ವಿದ್ಯಾರ್ಥಿನಿ.

ಪರ: ಕೊನೆಯ ಪ್ರಶ್ನೆ ಮೊದಲೇ ಗೊತ್ತಿರಲಿ

ನಾಲ್ಕು ವರ್ಷದ ಹಿಂದಿನ ಮಾತು. ಐದನೇ ತರಗತಿಗೆ ಭಿನ್ನರಾಶಿ. ಹಿಂದಿನ ರಾತ್ರಿ ಹನ್ನೊಂದರವರೆಗೆ ಕೂತು ಬಣ್ಣದ ಕಾಗದದಲ್ಲಿ ದೋಸೆ ಕತ್ತರಿಸಿದ್ದೆ. ಮೂವತ್ತನಾಲ್ಕು ಮಕ್ಕಳಿಗೆ ಮೂವತ್ತನಾಲ್ಕು ದೋಸೆ. ಮಕ್ಕಳು ಮಡಚಿದರು, ಕತ್ತರಿಸಿದರು, ಅರ್ಧ, ಕಾಲು, ಅರೆಕಾಲು ಅಂತ ನೋಟ್ ಬುಕ್ಕಿಗೆ ಅಂಟಿಸಿದರು. ಗೋಂದು ಬೆಂಚಿಗೆಲ್ಲ ಮೆತ್ತಿಕೊಂಡಿತು. ಅವತ್ತು ಪಾಠ ನೋಡಲು ಬಂದಿದ್ದವರು ನಾಲ್ಕು ಫೋಟೋ ತೆಗೆದು ವಾಟ್ಸಾಪ್ ಗ್ರೂಪಿಗೆ ಹಾಕಿದರು. ಅಭಿನಂದನೆಗಳ ಸುರಿಮಳೆ. ನನಗೂ ಖುಷಿಯೋ ಖುಷಿ.

ಮಾರನೇ ದಿನ ಬೋರ್ಡಿನ ಮೇಲೆ 1/3, 1/4 ಬರೆದು ‘ಯಾವುದು ದೊಡ್ಡದು?’ ಅಂತ ಸುಮ್ನೆ ಕೇಳಿದೆ. ಇಪ್ಪತ್ತಾರು ಕೈ 1/4ರ ಕಡೆಗೆ ಎದ್ದವು. ಯಾಕೆ ಅಂದರೆ ನಾಲ್ಕು ಮೂರಕ್ಕಿಂತ ದೊಡ್ಡದು ಅಲ್ವಾ ಮಿಸ್!

ಅವತ್ತು ಮಧ್ಯಾಹ್ನ ಊಟ ಸೇರಲಿಲ್ಲ. ಎಲ್ಲಿ ಎಡವಿದೆ ಅಂತ ಯೋಚಿಸಿದಾಗ ಗೊತ್ತಾಗಿದ್ದು ಇಷ್ಟು. ಕಾಗದ ಮಡಚಿದರೆ ಎರಡು, ನಾಲ್ಕು, ಎಂಟು ಸಲೀಸಾಗಿ ಬರುತ್ತದೆ. ಮೂರು ಬರಲ್ಲ. ಹಾಗಾಗಿ ನನ್ನ ಪಾಠದಲ್ಲಿ ಮೂರು ಇರಲೇ ಇಲ್ಲ. ಹೋಗಲಿ, ಕಾಲಿಗೂ ಅರೆಕಾಲಿಗೂ ಯಾವುದು ದೊಡ್ಡದು ಅಂತಲಾದರೂ ಕೇಳಿದ್ದೆನಾ? ಅದೂ ಇಲ್ಲ. ಮಕ್ಕಳು ಕಲಿತದ್ದು ಕತ್ತರಿ ಹಿಡಿಯುವುದು, ಗೋಂದು ಹಚ್ಚುವುದು. ಭಿನ್ನರಾಶಿಯನ್ನಲ್ಲ. ನಾನು ಮಕ್ಕಳು ಏನು ಮಾಡಬೇಕು ಅಂತ ಯೋಚಿಸಿದ್ದೆ. ಅವರಿಗೆ ಏನು ತಿಳಿಯಬೇಕು ಅಂತ ಯೋಚಿಸಿರಲಿಲ್ಲ.

ಮುಂದಿನ ವರ್ಷ ಅದೇ ಪಾಠವನ್ನು ಬಾಲದಿಂದ ಶುರು ಮಾಡಿದೆ. ಯೋಜನೆ ಪುಸ್ತಕದ ಪುಟದ ತಲೆಯ ಮೇಲೆ ಮೊದಲು ಆ ಪ್ರಶ್ನೆಯನ್ನೇ ಬರೆದೆ: 1/3 ದೊಡ್ಡದೋ 1/4 ದೊಡ್ಡದೋ, ಯಾಕೆ? ಮಗುವಿಗೆ ಬಂತು ಅಂತ ನನಗೆ ಹೇಗೆ ಗೊತ್ತಾಗಬೇಕು? ಚಿತ್ರ ಬರೆದು ಪಕ್ಕದವರಿಗೆ ಬಾಯಲ್ಲಿ ಹೇಳಬೇಕು. ಇಷ್ಟಾದಮೇಲೆ, ಹಾಗಾದರೆ ತರಗತಿಯಲ್ಲಿ ಏನು ಮಾಡಿಸಲಿ ಅಂತ ಕೂತೆ. ಉತ್ತರ ಶಾಲೆಯ ಗೇಟಿನ ಎದುರಿಗೇ ಇತ್ತು. ಟೀ ಅಂಗಡಿ.

ಬೆಂಗಳೂರಿನ ಮಕ್ಕಳಿಗೆ ‘ಬೈಟು’ ಹೇಳಿಕೊಡಬೇಕಾಗಿಲ್ಲ. ಒನ್ ಬೈ ಟು ಅಂದರೆ ಒಂದು ಟೀ, ಎರಡು ಲೋಟ. ಇಡೀ ಊರೇ ದಿನಾ ಭಿನ್ನರಾಶಿಯನ್ನು ಬಾಯಲ್ಲಿ ಆಡುತ್ತದೆ, ಯಾರೂ ಅದನ್ನು ಗಣಿತ ಅಂದುಕೊಂಡಿಲ್ಲ ಅಷ್ಟೆ. ಅಡುಗೆಯವರ ಹತ್ತಿರ ಒಂದೇ ಅಳತೆಯ ಸ್ಟೀಲ್ ಲೋಟ ಕೇಳಿ ತಂದೆ. ಬಣ್ಣದ ನೀರು ಟೀ ಆಯಿತು. ಒಂದು ಲೋಟವನ್ನು ಎರಡಕ್ಕೆ ಹಂಚಿದೆವು, ಇನ್ನೊಂದನ್ನು ಮೂರಕ್ಕೆ, ಮತ್ತೊಂದನ್ನು ನಾಲ್ಕಕ್ಕೆ. ಒಬ್ಬೊಬ್ಬರೂ ಬಂದು ಒಳಗೆ ಬೆರಳಿಟ್ಟು ನೀರು ಎಲ್ಲಿವರೆಗಿದೆ ಅಂತ ನೋಡಿದರು. ಯಾದಗಿರಿ ಕಡೆಯಿಂದ ಬಂದು ಎರಡು ತಿಂಗಳಾಗಿದ್ದ ಒಬ್ಬಳು ಹುಡುಗಿ, ಅಲ್ಲಿಯವರೆಗೆ ತರಗತಿಯಲ್ಲಿ ಬಾಯೇ ಬಿಡದವಳು, ನಾಲ್ಕನೇ ಲೋಟ ನೋಡಿ ಅಂದಳು: ‘ಮಂದಿ ಹೆಚ್ಚಾದ್ರ ಚಾ ಕಮ್ಮಿ ಆಗ್ತದ್ರೀ ಮಿಸ್.’

ಅದನ್ನು ಅವಳ ಮಾತಿನಲ್ಲೇ ಬೋರ್ಡಿನ ಮೂಲೆಯಲ್ಲಿ ಬರೆದು ಎರಡು ವಾರ ಅಳಿಸಲಿಲ್ಲ. ಛೇದ ದೊಡ್ಡದಾದಷ್ಟೂ ಬೆಲೆ ಚಿಕ್ಕದಾಗುತ್ತದೆ ಅಂತ ನಾನು ಹತ್ತು ಸಲ ಹೇಳಿದ್ದರೂ ಅಷ್ಟು ಚೆನ್ನಾಗಿ ಹೇಳುತ್ತಿರಲಿಲ್ಲ. ಮಾರನೇ ದಿನ ಅದೇ ಪ್ರಶ್ನೆ ಕೇಳಿದೆ. ಈ ಸಲ ತಪ್ಪು ಹೇಳಿದವರು ಐದು ಜನ. ಯಾರ್ಯಾರು ಅಂತ ಗೊತ್ತಿತ್ತು. ಆ ಐವರನ್ನು ಮಾತ್ರ ಕೂರಿಸಿಕೊಂಡು ಮತ್ತೆ ಲೋಟ ತೆಗೆದೆ.

ಇದು ನಾನು ಕಂಡುಹಿಡಿದದ್ದೇನೂ ಅಲ್ಲ. ಅಮೆರಿಕದ ಶಿಕ್ಷಣ ತಜ್ಞ ರಾಲ್ಫ್ ಟೈಲರ್ 1949ರಲ್ಲೇ ನಾಲ್ಕು ಪ್ರಶ್ನೆ ಇಟ್ಟಿದ್ದರು. ಏನು ಸಾಧಿಸಬೇಕು, ಅದಕ್ಕೆ ಮಕ್ಕಳಿಗೆ ಯಾವ ಅನುಭವ ಕೊಡಬೇಕು, ಅದನ್ನು ಹೇಗೆ ಜೋಡಿಸಬೇಕು, ಸಾಧಿಸಿದ್ದೇವೆ ಅಂತ ಹೇಗೆ ತಿಳಿಯಬೇಕು. ಅದೇ ದೇಶದ ಗ್ರಾಂಟ್ ವಿಗಿನ್ಸ್ ಮತ್ತು ಜೇ ಮೆಕ್‌ಟೈ 1998ರಲ್ಲಿ ಇನ್ನೊಂದು ತಿರುವು ಕೊಟ್ಟರು. ನಾಲ್ಕನೇ ಪ್ರಶ್ನೆಯನ್ನು ಎರಡನೇ ಜಾಗಕ್ಕೆ ತನ್ನಿ ಅನ್ನೋದು ಅವರ ಮಾತಿನ ಸಾರ. ಕಲಿತದ್ದಕ್ಕೆ ಗುರುತು ಏನು ಅಂತ ಮೊದಲು ತೀರ್ಮಾನ ಮಾಡಿ, ಚಟುವಟಿಕೆ ಆಮೇಲೆ ಹುಡುಕಿ. ಬಿ.ಎಡ್.ನಲ್ಲಿ ಇವೆಲ್ಲ ಓದಿ ಪರೀಕ್ಷೆ ಬರೆದು ಪಾಸಾಗಿದ್ದೆ. ಅರ್ಥವಾಗಿದ್ದು ಆ ಇಪ್ಪತ್ತಾರು ಕೈ ಎದ್ದಾಗ.

ಇಲ್ಲಿ ಒಂದು ಮಾತು. ಗುರಿ ಅಂದರೆ ‘ಭಿನ್ನರಾಶಿಯ ಪರಿಕಲ್ಪನೆಯನ್ನು ಅರಿಯುವರು’ ಅಂತ ಬರೆಯೋದಲ್ಲ. ‘ಅರಿಯುವರು’ ಅನ್ನೋದು ಎಲ್ಲಾ ಕಲಂಗೂ ಹೊಂದುವ ಪದ. ಸಾಂಬಾರಿಗೆ ಉಪ್ಪು ಹಾಕಿದ ಹಾಗೆ ಎಲ್ಲರೂ ಅದನ್ನು ಹಾಕುತ್ತಾರೆ. ಅರಿತ ಮಗು ಏನು ಮಾಡುತ್ತೆ, ಏನು ಹೇಳುತ್ತೆ, ಅರಿಯದ ಮಗು ಏನು ಹೇಳುತ್ತೆ? ಅದು ಬರೆದರೆ ಗುರಿ. ಇನ್ನೊಂದು, ಆ ಗುರಿ ಮಗುವಿಗೆ ಬೇಕಾದದ್ದಾಗಿರಬೇಕು. ಅಂಶ, ಛೇದ ಅನ್ನೋ ಪದಗಳ ವ್ಯಾಖ್ಯೆ ಒಪ್ಪಿಸುವುದನ್ನೂ ಗುರಿ ಅಂತ ಬರೆಯಬಹುದು, ಅಳೆಯಲೂಬಹುದು. ಅದರಿಂದ ಅಂಗಡಿಯಲ್ಲಿ ಕಾಲು ಕೆಜಿಯ ರೇಟು ಕೇಳಿ ಅರ್ಧ ಕೆಜಿಯ ರೇಟು ಹೇಳೋಕೆ ಬರುತ್ತಾ?

ನಮ್ಮಲ್ಲಿ ಪಾಠದ ಯಜಮಾನ ಪಠ್ಯಪುಸ್ತಕ. ಸ್ಟಾಫ್ ರೂಮಿನಲ್ಲಿ ಎದುರಾದವರು ಕೇಳುವ ಮೊದಲ ಮಾತು ‘ಪೋರ್ಷನ್ ಎಲ್ಲಿಗೆ ಬಂತು?’ ಮಕ್ಕಳು ಎಲ್ಲಿಗೆ ಬಂದರು ಅಂತ ಕೇಳಿದವರನ್ನು ನಾನು ಕಾಣೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಸೆಕ್ಷನ್ 24ರಲ್ಲಿ ಶಿಕ್ಷಕರ ಕರ್ತವ್ಯಗಳಿವೆ. ನಿಗದಿತ ಸಮಯದೊಳಗೆ ಪಠ್ಯಕ್ರಮ ಪೂರ್ತಿ ಮುಗಿಸಬೇಕು ಅನ್ನೋದು ಅದರಲ್ಲಿದೆ, ಎಲ್ಲರಿಗೂ ನೆನಪಿದೆ. ಅದರ ಕೆಳಗೇ, ಪ್ರತಿ ಮಗುವಿನ ಕಲಿಯುವ ಸಾಮರ್ಥ್ಯ ನೋಡಿ ಬೇಕಾದವರಿಗೆ ಹೆಚ್ಚುವರಿ ಪಾಠ ಕೊಡಬೇಕು ಅಂತಲೂ ಇದೆ. ಅದನ್ನು ನೆನಪಿಸಿದರೆ ‘ನೀವು ಹೊಸಬರು ಮೇಡಂ’ ಅನ್ನುತ್ತಾರೆ. ಕೇಂದ್ರದ ಪಠ್ಯ ಸಂಸ್ಥೆ ಎನ್‌ಸಿಇಆರ್‌ಟಿ ತರಗತಿವಾರು ಕಲಿಕಾ ಫಲಗಳ ಪಟ್ಟಿ ಕೊಟ್ಟದ್ದು 2017ರಲ್ಲಿ. ನನಗೆ ಅದು ಹೊರೆ ಅನ್ನಿಸಲಿಲ್ಲ. ಪುಸ್ತಕದ ಪುಟಗಳನ್ನು ಬಿಟ್ಟು ಬೇರೆ ಏನನ್ನಾದರೂ ಎಣಿಸೋಕೆ ಸಿಕ್ಕಿತಲ್ಲ ಅಂತ ಸಮಾಧಾನ ಆಯಿತು.

ನನ್ನ ತರಗತಿ ಎಂಥದ್ದು ಅಂತ ಹೇಳಿಬಿಡುತ್ತೇನೆ. ಮನೆಯಲ್ಲಿ ಕನ್ನಡ ಆಡುವವರು ಅರ್ಧಕ್ಕಿಂತ ಕಮ್ಮಿ. ತೆಲುಗು, ಉರ್ದು, ತಮಿಳು ಇದೆ, ಹಿಂದಿ ಇದೆ, ಒಡಿಯಾ ಮಾತಾಡುವ ಅಣ್ಣ ತಂಗಿ ಇದ್ದಾರೆ. ಕಟ್ಟಡದ ಕೆಲಸಕ್ಕೆ ಬಂದವರ ಮಕ್ಕಳು ನವೆಂಬರಿನಲ್ಲಿ ಬರುತ್ತಾರೆ, ಯುಗಾದಿಗೆ ಊರಿಗೆ ಹೋದವರು ವಾಪಸ್ ಬಂದರೆ ಬಂದರು. ಇಂಥ ಮಕ್ಕಳಿಗೆ ‘ಪುಟ 62 ತೆಗೀರಿ’ ಅಂದರೆ ಏನು ಪ್ರಯೋಜನ? ಆದರೆ ಈ ಹುಡುಗನಿಗೆ ಕಳೆಯುವ ಲೆಕ್ಕ ಬರುತ್ತೆ, ದಶಕ ತೆಗೆದುಕೊಳ್ಳೋದು ಬರಲ್ಲ ಅಂತ ಗೊತ್ತಿದ್ದರೆ ಇವತ್ತು ಏನು ಮಾಡಬೇಕು ಅನ್ನೋದು ತಿಳಿಯುತ್ತದೆ. ಅವನು ಹೊರಡುವಾಗ ಟಿ.ಸಿ. ಜೊತೆಗೆ ಅದನ್ನೂ ಒಂದು ಚೀಟಿಯಲ್ಲಿ ಬರೆದು ಕೊಡುತ್ತೇನೆ. ಅಲ್ಲಿನ ಮೇಷ್ಟ್ರು ಓದುತ್ತಾರೋ ಇಲ್ಲವೋ.

ನಮ್ಮ ರಾಜ್ಯಕ್ಕೆ ಇದು ಹೊಸದೂ ಅಲ್ಲ. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಶುರುವಾದ ನಲಿ-ಕಲಿಯನ್ನೇ ನೋಡಿ. ಪಠ್ಯಪುಸ್ತಕದ ಜಾಗದಲ್ಲಿ ಕಾರ್ಡುಗಳು, ಕಲಿಕಾ ಏಣಿ, ಮೈಲಿಗಲ್ಲು. ತಾನು ಏಣಿಯ ಯಾವ ಮೆಟ್ಟಿಲಲ್ಲಿದ್ದೇನೆ ಅಂತ ಆರು ವರ್ಷದ ಮಗು ತಾನೇ ತೋರಿಸುತ್ತಿತ್ತು. ಹತ್ತು ದಿನ ಜ್ವರ ಬಂದು ಮಲಗಿದ್ದ ಮಗು ಬಿಟ್ಟ ಮೆಟ್ಟಿಲಿನಿಂದಲೇ ಹತ್ತಬಹುದಿತ್ತು. ಅದನ್ನು ಕಟ್ಟಿದವರು ತರಗತಿಯ ಶಿಕ್ಷಕರು, ಆಂಧ್ರದ ರಿಷಿವ್ಯಾಲಿ ಶಾಲೆಯ ಮಾದರಿ ನೋಡಿ ಬಂದು. ಗುರಿ ಅಂದರೆ ಆಫೀಸಿನಿಂದ ಬರುವ ಕಾಗದ ಅನ್ನೋ ಮಾತು ಕೇಳಿದಾಗೆಲ್ಲ ನನಗೆ ಆ ಏಣಿ ನೆನಪಾಗುತ್ತದೆ.

ಈಗ ನಮ್ಮ ಮೇಷ್ಟ್ರ ವಿಷಯ. ಅವರು ವಿರೋಧ ಬರೆಯುತ್ತಾರೆ ಅಂತ ಗೊತ್ತಾದಾಗ ನಗು ಬಂತು. ಅವರು ಯೋಜನೆ ನೋಡಿಕೊಂಡು ಪಾಠ ಮಾಡಿದ್ದನ್ನು ನಾನು ಮೂರು ವರ್ಷದಲ್ಲಿ ಒಂದು ದಿನವೂ ಕಂಡಿಲ್ಲ. ಪ್ಲಾಸಿ ಕದನಕ್ಕೆ ಹೊರಟರೆ ಕಡ್ಲೆಕಾಯಿ ಪರಿಷೆಯಲ್ಲಿ ಇಳಿಸುತ್ತಿದ್ದರು. ನಾನು ಟೀಚರ್ ಆಗಿದ್ದೇ ಅವರಿಂದ, ಅದನ್ನು ಬರೆಯೋಕೆ ಸಂಕೋಚವಿಲ್ಲ. ಆದರೆ ನಾನು ಮೊದಲ ಬೆಂಚು. ಮನೆಯಲ್ಲಿ ಅಪ್ಪ ದಿನಾ ಪೇಪರ್ ಓದಿಸುತ್ತಿದ್ದರು. ಮೇಷ್ಟ್ರು ಎಲ್ಲಿಂದ ಎಲ್ಲಿಗೆ ಹಾರಿದರೂ ನಾನು ಹಿಂದೆಯೇ ಹಾರುತ್ತಿದ್ದೆ. ಕೊನೆ ಬೆಂಚಿನಲ್ಲಿ ನನ್ನ ಗೆಳತಿ ಇದ್ದಳು. ಅವಳೂ ನಗುತ್ತಿದ್ದಳು, ಅವಳಿಗೂ ಮೇಷ್ಟ್ರ ಪಾಠ ಅಂದರೆ ಪ್ರಾಣ. ಎಸ್‌ಎಸ್‌ಎಲ್‌ಸಿಯಲ್ಲಿ ನಕ್ಷೆ ಕೊಟ್ಟು ನರ್ಮದೆ ಗುರುತಿಸು ಅಂದಾಗ ಪೆನ್ಸಿಲ್ ಎಲ್ಲಿಡಬೇಕು ಅಂತ ಅವಳಿಗೆ ಗೊತ್ತಾಗಲಿಲ್ಲ. ಸಮಾಜದಲ್ಲೇ ಫೇಲಾದಳು. ಆ ಮೂರು ವರ್ಷದಲ್ಲಿ ಅವಳಿಗೆ ಏನು ಬಂದಿದೆ, ಏನು ಬಂದಿಲ್ಲ ಅಂತ ಯಾರಾದರೂ ಒಂದು ಸಲ ನೋಡಿದ್ದರಾ ಮೇಷ್ಟ್ರೇ?

ವಿರೋಧ: ಮಳೆನೀರಿಗೆ ಕಲಂ ಎಲ್ಲಿದೆ?

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಕೊನೆ ಬೆಂಚಿನ ಹುಡುಗಿಯ ವಿಷಯದಲ್ಲಿ ಅವಳು ಹೇಳಿದ್ದು ನಿಜ. ಆ ಹುಡುಗಿಯ ಮುಖ ನನಗೂ ನೆನಪಿದೆ. ನಾನು ನೋಡಲಿಲ್ಲ. ಅದಕ್ಕೆ ನನ್ನ ಹತ್ತಿರ ಸಬೂಬು ಇಲ್ಲ. ಆದರೆ ನಾನು ಕಲಂ ತುಂಬಿದ್ದರೆ ಅವಳು ಪಾಸಾಗುತ್ತಿದ್ದಳು ಅಂತ ನಂಬೋಕೆ ನನ್ನ ಕೈಲಿ ಆಗಲ್ಲ. ಯಾಕೆ ಅಂದರೆ ಆ ಕಲಂ ತುಂಬಿತ್ತು. ಮೂರು ವರ್ಷವೂ ತುಂಬಿತ್ತು, ಸಹಿಯೂ ಬಿದ್ದಿತ್ತು.

ಅವಳ ಟೀ ಲೋಟದ ಪಾಠ ಓದಿ ಹೆಮ್ಮೆ ಆಯಿತು. ಅದರಲ್ಲಿ ನನಗೆ ಹಿಡಿಸಿದ್ದು ಯಾದಗಿರಿಯ ಹುಡುಗಿ. ಮಂದಿ ಹೆಚ್ಚಾದರೆ ಚಾ ಕಮ್ಮಿ. ಇವಳು ಅದನ್ನು ಛೇದದ ನಿಯಮ ಅಂತ ಬೋರ್ಡಿಗೆ ಬರೆದಳು. ಆ ಮಗು ಹೇಳಿದ್ದು ಬರೀ ಛೇದದ ವಿಷಯನಾ? ಅವಳ ಶೆಡ್ಡಿನಲ್ಲಿ ಎಷ್ಟು ಜನ ಇದ್ದಾರೆ, ಬೆಳಿಗ್ಗೆ ಎಷ್ಟು ಟೀ ಆಗುತ್ತದೆ, ಯಾರಿಗೆ ಕಮ್ಮಿ ಬೀಳುತ್ತದೆ? ಎರಡು ತಿಂಗಳು ಬಾಯಿ ಬಿಡದವಳು ಬಾಯಿ ಬಿಟ್ಟಳು. ಅಲ್ಲಿ ಒಂದು ನಿಮಿಷ ನಿಲ್ಲಬಹುದಿತ್ತು. ನಿಲ್ಲಲಿಲ್ಲ, ಯಾಕೆಂದರೆ ಗುರಿ ಬೇರೆ ಇತ್ತು. ಗುರಿ ಇಟ್ಟುಕೊಂಡವರ ಕಿವಿ ಹಾಗೆಯೇ, ತಮಗೆ ಬೇಕಾದ ಉತ್ತರ ಬಂದ ತಕ್ಷಣ ಮುಚ್ಚಿಕೊಳ್ಳುತ್ತದೆ. ಬೇಜಾರು ಮಾಡಿಕೊಳ್ಳಬೇಡ ಕಣಮ್ಮ, ನಾನೂ ಇದೇ ತಪ್ಪು ಮಾಡಿದ್ದೇನೆ.

ನನ್ನದೊಂದು ಪಾಠದ ಕಥೆ ಹೇಳುತ್ತೇನೆ. ಒಂಬತ್ತನೇ ತರಗತಿ, ಸೆಪ್ಟೆಂಬರ್. ಭಾರತದ ನದಿಗಳು. ಯೋಜನೆ ಪುಸ್ತಕದಲ್ಲಿ ಬರೆದಿದ್ದೆ: ‘ಪೂರ್ವಕ್ಕೆ ಮತ್ತು ಪಶ್ಚಿಮಕ್ಕೆ ಹರಿಯುವ ನದಿಗಳನ್ನು ಪಟ್ಟಿ ಮಾಡುವರು.’ ಕಣ್ಣಿಗೆ ಕಾಣುವ ಕ್ರಿಯೆ, ಅಳೆಯೋಕೆ ಬರುತ್ತೆ, ಯಾರೂ ತಪ್ಪು ಹಿಡಿಯೋಕಾಗಲ್ಲ. ಗೋದಾವರಿ, ಕೃಷ್ಣಾ ಅಂತ ಬೋರ್ಡಿನ ಮೇಲೆ ಬರೆಯುವಷ್ಟರಲ್ಲಿ ಮಳೆ ಹುಯ್ಯೋಕೆ ಶುರುವಾಯಿತು. ಬೆಂಗಳೂರಿನ ಸೆಪ್ಟೆಂಬರ್ ಮಳೆ ಗೊತ್ತಲ್ಲ, ಶೀಟಿನ ಮಾಡಿನ ಕೆಳಗೆ ಮಾತೇ ಕೇಳಿಸಲ್ಲ. ಮಕ್ಕಳೆಲ್ಲ ಕಿಟಕಿ ಕಡೆ. ನಾನೂ ಹೋದೆ. ಅಂಗಳದಲ್ಲಿ ನೀರು ಎರಡು ಪಾಲಾಗಿ ಒಂದು ಗೇಟಿನ ಕಡೆ, ಇನ್ನೊಂದು ಹಿಂದಿನ ಗೋಡೆ ಕಡೆ ಓಡುತ್ತಿತ್ತು. ಒಬ್ಬ ಹುಡುಗ ಕೇಳಿದ, ‘ಸಾರ್, ಇದು ಎಲ್ಲಿಗೆ ಹೋಗುತ್ತೆ?’

ನಮ್ಮ ಶಾಲೆ ಇರುವುದು ದಿಬ್ಬದ ಮೇಲೆ. ಬೆಂಗಳೂರು ಊರೇ ಒಂದು ಉದ್ದನೆಯ ದಿಣ್ಣೆಯ ಮೇಲೆ ಕೂತಿದೆ. ಪಡುವಣಕ್ಕೆ ಜಾರಿದ ನೀರು ವೃಷಭಾವತಿಗೆ, ಅಲ್ಲಿಂದ ಅರ್ಕಾವತಿಗೆ, ಅದು ಸಂಗಮದಲ್ಲಿ ಕಾವೇರಿಗೆ. ಮೂಡಣಕ್ಕೆ ಜಾರಿದ್ದು ಕೋರಮಂಗಲದ ಕಣಿವೆ ಹಿಡಿದು ಬೆಳ್ಳಂದೂರು, ವರ್ತೂರು ಕೆರೆ ದಾಟಿ ದಕ್ಷಿಣ ಪಿನಾಕಿನಿಗೆ, ಹೊಸೂರಿನ ಮೇಲೆ ತಮಿಳುನಾಡಿಗೆ ಹೋಗಿ ಕಡಲೂರಿನ ಹತ್ತಿರ ಸಮುದ್ರಕ್ಕೆ. ಒಂದೇ ಮಳೆ, ಎರಡು ನದಿ. ಇಷ್ಟು ಹೇಳಿದೆ, ಅಷ್ಟೆ. ಆಮೇಲೆ ತರಗತಿ ನನ್ನ ಕೈಯಲ್ಲಿರಲಿಲ್ಲ.

ನಲ್ಲಿ ನೀರು ಎಲ್ಲಿಂದ ಬರುತ್ತೆ ಸಾರ್? ಮಂಡ್ಯ ಜಿಲ್ಲೆಯ ತೊರೆಕಾಡನಹಳ್ಳಿಯಿಂದ ಕಾವೇರಿ ನೀರನ್ನು ಸುಮಾರು ನೂರು ಕಿಲೋಮೀಟರ್, ಪಂಪು ಹಾಕಿ ಹಂತ ಹಂತವಾಗಿ ಮೇಲಕ್ಕೆ ಎತ್ತಿ ತರುತ್ತಾರೆ. 1974ರಿಂದ ಬರುತ್ತಿದೆ, ಐದನೇ ಹಂತ 2024ರಲ್ಲಿ ಶುರುವಾಯಿತು. ಅದಕ್ಕೆ ಮುಂಚೆ ಏನು ಕುಡೀತಿದ್ರು? ಹೆಸರಘಟ್ಟ, ತಿಪ್ಪಗೊಂಡನಹಳ್ಳಿ ಜಲಾಶಯಗಳ ನೀರು. ಮೂರನೇ ಬೆಂಚಿನ ಹುಡುಗ ಬೆರಳು ಎಣಿಸುತ್ತಾ ಎದ್ದ. ‘ಅಂದ್ರೆ ಕಾವೇರಿ ನೀರು ಮೇಲಕ್ಕೆ ಬರುತ್ತೆ, ನಾವು ಸ್ನಾನ ಮಾಡ್ತೀವಿ, ಬಚ್ಚಲ ನೀರು ವೃಷಭಾವತಿಗೆ ಹೋಗಿ ಮತ್ತೆ ಕಾವೇರಿಗೇ ಹೋಗುತ್ತಾ?’ ಹೌದು, ನಾವು ಎತ್ತಿದ ಜಾಗಕ್ಕಿಂತ ಕೆಳಗೆ ಹೋಗಿ ಸೇರುತ್ತೆ ಅಂದೆ. ‘ಅದನ್ನ ಕೆಳಗಡೆಯವರು ಕುಡೀತಾರಾ?’ ತರಗತಿ ಗಪ್‌ಚಿಪ್. ಕಾವೇರಿ ಗಲಾಟೆ ಅಂದರೆ ಟಿ.ವಿ.ಯಲ್ಲಿ ಬರುವ ಬಂದ್ ಅಂತಷ್ಟೇ ಗೊತ್ತಿದ್ದ ಮಕ್ಕಳು ಅವರು.

ಬೆಲ್ ಹೊಡೆಯಿತು. ಪಟ್ಟಿ ಆಗಲಿಲ್ಲ. ಮಹಾನದಿ ಬಾಕಿ, ನರ್ಮದೆಯೂ ಬಾಕಿ.

ನನ್ನ ಹಳೇ ವಿದ್ಯಾರ್ಥಿನಿ ಈಗ ಏನು ಹೇಳುತ್ತಾಳೆ ಗೊತ್ತು. ‘ಮೇಷ್ಟ್ರೇ, ನೀವು ಬರೆದ ಗುರಿಯೇ ಸಣ್ಣದು. ನೀರು ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತೆ ಅಂತ ತಮ್ಮ ಬೀದಿಯಿಂದ ಹಿಡಿದು ವಿವರಿಸುವರು ಅಂತ ಬರೆಯಬೇಕಿತ್ತು.’ ಮಳೆ ಬಂದಮೇಲೆ ನಾನೂ ಹಾಗೆ ಬರೆಯಬಲ್ಲೆ! ಒಳ್ಳೆಯ ಗುರಿ ಎಷ್ಟೋ ಸಲ ಪಾಠದ ಮಧ್ಯೆ ಹುಟ್ಟುತ್ತದೆ, ಮಕ್ಕಳ ಬಾಯಿಂದ. ಜೂನ್ ತಿಂಗಳಲ್ಲಿ ಕೂತು ಸೆಪ್ಟೆಂಬರಿನ ಮಳೆಯನ್ನು ಯೋಜನೆಗೆ ಹಾಕೋಕಾಗುತ್ತಾ?

ಎಲಿಯಟ್ ಐಸ್ನರ್ ಅನ್ನೋ ಅಮೆರಿಕದ ಮೇಷ್ಟ್ರು, ಚಿತ್ರಕಲೆ ಹೇಳುತ್ತಿದ್ದವರು, 1967ರಲ್ಲೇ ಈ ತಕರಾರು ಎತ್ತಿದ್ದರು. ಕೆಲವು ಕಲಿಕೆಯಲ್ಲಿ ಕೊನೆ ಏನು ಅಂತ ಮೊದಲೇ ಹೇಳಬಹುದು, ಇನ್ನು ಕೆಲವಲ್ಲಿ ಮಗುವನ್ನು ಎಂಥ ಸಂದರ್ಭಕ್ಕೆ ಒಡ್ಡುತ್ತೇವೆ ಅನ್ನೋದಷ್ಟೇ ನಮ್ಮ ಕೈಲಿದೆ, ಅದರಿಂದ ಏನು ಹೊರಡುತ್ತದೋ ನೋಡಬೇಕು ಅಂತ. ಮಗ್ಗಿ ಮೊದಲನೇ ಜಾತಿ. ಕಾವೇರಿ ಎರಡನೆಯದು. ಗಣಿತದವರಿಗೂ ನಮಗೂ ಇರುವ ಜಗಳದಲ್ಲಿ ಅರ್ಧ ಇಷ್ಟೇ ಇರಬಹುದು.

ಇನ್ನರ್ಧ, ಈ ಪದ್ಧತಿ ಹುಟ್ಟಿದ ಮನೆಯದ್ದು. ‘ಗುರಿ ಮೊದಲು’ ಅನ್ನೋ ಯೋಚನೆ ಶಾಲೆಗೆ ಬಂದದ್ದು ಕಾರ್ಖಾನೆಯಿಂದ. 1910ರ ದಶಕದಲ್ಲಿ ಅಮೆರಿಕದ ಫ್ರಾಂಕ್ಲಿನ್ ಬಾಬಿಟ್ ಅನ್ನೋರು ಶಾಲೆಯ ಕೆಲಸವನ್ನು ಉಕ್ಕಿನ ಹಳಿ ತಯಾರಿಸುವುದಕ್ಕೆ ಹೋಲಿಸಿದ್ದರು. ಹಳಿ ಎಷ್ಟು ಉದ್ದ, ಎಷ್ಟು ತೂಕ ಅಂತ ಮೊದಲೇ ಹೇಳುವ ಹಾಗೆ ಮಗುವಿನ ಅಳತೆಯನ್ನೂ ಹೇಳಬೇಕಂತೆ. ಪೀಣ್ಯದಲ್ಲಿ ಪಾಠ ಮಾಡುವವರಿಗೆ ಇದನ್ನು ಹೆಚ್ಚು ಬಿಡಿಸಿ ಹೇಳಬೇಕಾಗಿಲ್ಲ. ಕಲಿಕೆಯ ಗುರಿಗಳನ್ನು ಜ್ಞಾನ, ತಿಳಿವಳಿಕೆ, ಅನ್ವಯ ಅಂತ ಹಂತ ಹಂತವಾಗಿ ವಿಂಗಡಿಸಿದ, ನಾವೆಲ್ಲ ಬಿ.ಎಡ್.ನಲ್ಲಿ ಬಾಯಿಪಾಠ ಮಾಡಿದ ಬ್ಲೂಮ್ ಪಟ್ಟಿ ಇದೆಯಲ್ಲ, 1956ರದ್ದು, ಅದನ್ನು ಮಾಡಿದವರು ಕಾಲೇಜುಗಳ ಪರೀಕ್ಷಕರು. ಪ್ರಶ್ನೆಗಳನ್ನು ತಮ್ಮತಮ್ಮಲ್ಲಿ ಹಂಚಿಕೊಳ್ಳೋಕೆ ಅನುಕೂಲವಾಗಲಿ ಅಂತ ಜೋಡಿಸಿದ ಪಟ್ಟಿ. ಪ್ರಶ್ನೆಪತ್ರಿಕೆ ಮಾಡೋಕೆ ಒಳ್ಳೆಯದೇ. ಅದರಿಂದ ಪಾಠ ಹುಟ್ಟುತ್ತೆ ಅನ್ನೋದು, ತಕ್ಕಡಿಯಿಂದ ತರಕಾರಿ ಬೆಳೆಯುತ್ತೆ ಅಂದ ಹಾಗೆ.

ಅಳತೆಗೆ ಬಹುಮಾನ ಕಟ್ಟಿದರೆ ಏನಾಗುತ್ತದೆ ಅಂತ ಇಂಗ್ಲೆಂಡ್ ನೋಡಿ ಆಗಿದೆ. 1862ರಲ್ಲಿ ಅಲ್ಲಿ ‘ಫಲಿತಾಂಶಕ್ಕೆ ತಕ್ಕ ಹಣ’ ಅಂತ ಪದ್ಧತಿ ತಂದರು. ಇನ್‌ಸ್ಪೆಕ್ಟರು ಬಂದು ಓದು, ಬರಹ, ಲೆಕ್ಕ ಪರೀಕ್ಷೆ ಮಾಡೋದು, ಪಾಸಾದ ಮಕ್ಕಳ ಲೆಕ್ಕದಲ್ಲಿ ಶಾಲೆಗೆ ಅನುದಾನ. ಮಕ್ಕಳು ಓದುವ ಪುಸ್ತಕವನ್ನೇ ಬಾಯಿಪಾಠ ಮಾಡಿದರು. ಪರೀಕ್ಷೆಗಿಲ್ಲದ ವಿಷಯಗಳು ಸೊರಗಿದವು. 1890ರ ದಶಕದಲ್ಲಿ ಅದನ್ನು ಕೈಬಿಟ್ಟರು. ನಮ್ಮಲ್ಲಿ ಹಣ ಕಟ್ಟಿಲ್ಲ ನಿಜ. ಎಫ್‌ಎ, ಎಸ್‌ಎ ಅಂತ ವರ್ಷದಲ್ಲಿ ನಡೆಸುವ ಪರೀಕ್ಷೆಗಳ ಅಂಕಗಳನ್ನು ಇಲಾಖೆಯ ಸ್ಯಾಟ್ಸ್ ಜಾಲತಾಣಕ್ಕೆ ಏರಿಸೋದಿದೆ, ಎಸ್‌ಎಸ್‌ಎಲ್‌ಸಿಯಲ್ಲಿ ಜಿಲ್ಲೆಗೆ ಎಷ್ಟನೇ ಸ್ಥಾನ ಅಂತ ಮೇ ತಿಂಗಳಲ್ಲಿ ಪೇಪರಿನಲ್ಲಿ ಬರೋದಿದೆ. ಅಷ್ಟು ಸಾಕು.

ಮತ್ತೆ ಈ ಯೋಜನೆ ಬರೆಯೋರು ಯಾರು? ಐದು ಇ-ಗಳ (ಇಂಗ್ಲಿಷಿನ E ಅಕ್ಷರದಿಂದ ಶುರುವಾಗುವ ಐದು ಹಂತಗಳ) ಪಾಠ ಯೋಜನೆ ಅಂತ ಪಿಡಿಎಫ್ ಒಂದು ಟೆಲಿಗ್ರಾಂನಲ್ಲಿ ಬರುತ್ತದೆ. ಬೀದರಿನಿಂದ ಚಾಮರಾಜನಗರದವರೆಗೆ ಒಂದೇ ಗುರಿ, ಒಂದೇ ಚಟುವಟಿಕೆ, ಕಾಗುಣಿತದ ತಪ್ಪೂ ಒಂದೇ. ನನ್ನ ಪರಿಚಯದವರೊಬ್ಬರ ಪುಸ್ತಕದಲ್ಲಿ ಬೇರೆ ಜಿಲ್ಲೆಯ ಶಾಲೆಯ ಹೆಸರು ಹಾಗೇ ಉಳಿದಿತ್ತು. ತಪಾಸಣೆಗೆ ಬಂದವರು ಅದರ ಪಕ್ಕದಲ್ಲೇ ಸಹಿ ಮಾಡಿ ಹೋಗಿದ್ದರು! ಈಗ ಎಐ ಬಂದಿದೆ, ಕೇಳಿದರೆ ಎರಡು ನಿಮಿಷದಲ್ಲಿ ಇಡೀ ವರ್ಷದ್ದು ಕೊಡುತ್ತದೆ. ಯಾರೂ ಯೋಚಿಸದೆ ಬರೆದದ್ದನ್ನು ಯಾರೂ ಓದದೆ ಒಪ್ಪಿಕೊಳ್ಳುವ ವ್ಯವಸ್ಥೆ. ಪೀಣ್ಯದ ಮೇಡಂ ಪುಟದ ತಲೆಯ ಮೇಲೆ ತನ್ನದೇ ಪ್ರಶ್ನೆ ಬರೆದುಕೊಂಡಳಲ್ಲ, ಅದಕ್ಕೆ ನನ್ನ ವಿರೋಧ ಇಲ್ಲ. ಆದರೆ ಅವಳಿಗೆ ಆ ಪ್ರಶ್ನೆ ಕೊಟ್ಟದ್ದು ಕಲಂ ಅಲ್ಲ. ಕೆಟ್ಟುಹೋದ ಒಂದು ಪಾಠ ಕೊಟ್ಟಿತು.

ನಾನು ಕಾಲೇಜಿನಲ್ಲಿದ್ದಾಗ ನ್ಯಾಷನಲ್ ಕಾಲೇಜಿನ ಬೆಂಗಳೂರು ವಿಜ್ಞಾನ ವೇದಿಕೆಗೆ ಹೋಗುತ್ತಿದ್ದೆ. ಎಚ್. ನರಸಿಂಹಯ್ಯ ಮೇಷ್ಟ್ರು 1962ರಲ್ಲಿ ಕಟ್ಟಿದ್ದು. ವಾರ ವಾರ ಒಂದು ಉಪನ್ಯಾಸ. ಹಾಜರಿ ಇಲ್ಲ, ಪರೀಕ್ಷೆಯೂ ಇಲ್ಲ. ಪ್ರಶ್ನೆ ಕೇಳದೆ ಏನನ್ನೂ ಒಪ್ಪಬೇಡಿ ಅನ್ನೋದನ್ನು ಬದುಕಿನುದ್ದಕ್ಕೂ ಹೇಳಿಕೊಂಡು ಬಂದವರು ಅವರು. ಅಲ್ಲಿ ಕೇಳಿದ್ದರಲ್ಲಿ ಅರ್ಧ ನನಗೆ ಅರ್ಥವಾಗಲಿಲ್ಲ. ಆದರೆ ಮನೆಗೆ ನಡೆದು ಬರುವಾಗ ತಲೆ ಬಿಸಿಯಾಗಿರುತ್ತಿತ್ತು. ಆ ಬಿಸಿಗೆ ಯಾವ ಕ್ರಿಯಾಪದ ಹಾಕಬೇಕು?

ಯೋಜನೆಯೇ ಬೇಡ ಅಂತ ನಾನು ಹೇಳುತ್ತಿಲ್ಲ. ನಕ್ಷೆ ನೋಡದೆ, ಓದದೆ ತರಗತಿಗೆ ಹೋಗುವವನು ಮೇಷ್ಟ್ರೇ ಅಲ್ಲ. ಆದರೆ ಬರೆಯೋದಾದರೆ ಪಾಠ ಆದಮೇಲೆ ಬರೆಯೋಣ. ಇವತ್ತು ಏನಾಯಿತು, ಯಾರು ಏನು ಕೇಳಿದರು, ಯಾರು ಬಾಯಿಯೇ ಬಿಡಲಿಲ್ಲ. ಹಾಗೆ ಬರೆದಿದ್ದರೆ ಕೊನೆ ಬೆಂಚಿನ ಆ ಹುಡುಗಿಯ ಹೆಸರು ನನ್ನ ಪುಸ್ತಕದಲ್ಲಿ ವಾರಕ್ಕೊಂದು ಸಲವಾದರೂ ಬರುತ್ತಿತ್ತೇನೋ.

ಮಳೆಯ ಪಾಠ ಆಗಿ ಹತ್ತು ದಿನಕ್ಕೆ ತಪಾಸಣೆ ಇತ್ತು. ಬಂದವರು ನೋಟ್ ಬುಕ್ಕು ನೋಡಿದರು, ನದಿಗಳ ಪಟ್ಟಿ ಇರಲಿಲ್ಲ. ನನ್ನ ಪುಸ್ತಕದಲ್ಲಿ ಕೆಂಪು ಶಾಯಿಯಲ್ಲಿ ‘ಯೋಜನೆಯಂತೆ ಪಾಠ ನಡೆದಿಲ್ಲ’ ಅಂತ ಬರೆದರು. ತಪ್ಪೇನಿಲ್ಲ, ನಡೆದಿರಲಿಲ್ಲ. ಅದೇ ವಾರ ಮೂರನೇ ಬೆಂಚಿನ ಹುಡುಗ ಒಂದು ಡ್ರಾಯಿಂಗ್ ಹಾಳೆ ತಂದುಕೊಟ್ಟ. ಭಾನುವಾರ ಅವರಪ್ಪನ ಸ್ಕೂಟರಿನಲ್ಲಿ ಎರಡೂ ಕಡೆ ಹೋಗಿ ನೋಡಿಕೊಂಡು ಬಂದಿದ್ದನಂತೆ. ಮಧ್ಯದಲ್ಲಿ ನಮ್ಮ ಶಾಲೆಯ ಮಾಡು, ಅದರ ಎರಡು ಕಡೆಯಿಂದ ಎರಡು ನದಿ. ಎಡಗಡೆಯದಕ್ಕೆ ಕಪ್ಪು ಬಣ್ಣ ಬಳಿದಿದ್ದ, ಬಲಗಡೆಯದಕ್ಕೆ ಬೆಳ್ಳಂದೂರಿನ ಬಿಳಿ ನೊರೆ. ಅದನ್ನು ಆ ಕೆಂಪು ಶಾಯಿಯ ಪುಟಕ್ಕೇ ಪಿನ್ ಹೊಡೆದು ಇಟ್ಟಿದ್ದೇನೆ.